ನೋ-ಗೋ ಒಳಗೆ ಹೋದಾಗ ಯಾರಿಗೆ ಹೇಳಬೇಕು? ಐಟಿಐ, ಡಿಪ್ಲೊಮಾ ಮುಗಿಸಿದವರ ಮೊದಲ ವರ್ಷದ ಪಾಠ

ನೋ-ಗೋ ಗೇಜ್ ಗೊತ್ತಿಲ್ಲದವರಿಗೆ ಎರಡು ಮಾತಲ್ಲಿ ಹೇಳಿಬಿಡುತ್ತೇನೆ. ಕಬ್ಬಿಣದ ಒಂದು ಪೀಸ್‌ನಲ್ಲಿ ತೂತು ಕೊರೆದಿದ್ದೀರಿ ಅಂದುಕೊಳ್ಳಿ. ಅದರ ಅಳತೆ ಸರಿ ಇದೆಯಾ ಅಂತ ನೋಡಲು ಎರಡು ತುದಿ ಇರುವ ಗೇಜ್ ಕೊಡುತ್ತಾರೆ. 'ಗೋ' ತುದಿ ಒಳಗೆ ಹೋಗಬೇಕು, 'ನೋ-ಗೋ' ತುದಿ ಹೋಗಬಾರದು. ಅದೂ ಹೋಯಿತು ಅಂದರೆ ತೂತು ದೊಡ್ಡದಾಗಿದೆ, ಪೀಸ್ ರಿಜೆಕ್ಟ್. ಇಷ್ಟೇ.

ಐಟಿಐನಲ್ಲಿ ಫಿಟ್ಟರ್ ಟ್ರೇಡ್ ಮುಗಿಸಿ ಪೀಣ್ಯದಲ್ಲಿ ಒಂದು ಸಣ್ಣ ಮೆಷಿನ್ ಶಾಪ್ ಸೇರಿದ್ದೆ. ಎರಡನೇ ತಿಂಗಳು, ಸೆಕೆಂಡ್ ಶಿಫ್ಟ್, ರಾತ್ರಿ ಒಂಬತ್ತರ ಹೊತ್ತು. ಸಿಎನ್‌ಸಿಯಲ್ಲಿ, ಅಂದರೆ ಕಂಪ್ಯೂಟರ್ ನಡೆಸುವ ಮೆಷಿನ್‌ನಲ್ಲಿ, ತೂತು ಕೊರೆಯುತ್ತಿದ್ದೆ. ಒಂದು ಪೀಸ್‌ಗೆ ನೋ-ಗೋ ಹಾಕಿದೆ, ಸಲೀಸಾಗಿ ಒಳಗೆ ಹೋಯಿತು. ಕೈ ಬೆವರಿತು. ಹಿಂದಿನದನ್ನು ತೆಗೆದು ನೋಡಿದೆ, ಅದರಲ್ಲೂ ಹೋಯಿತು. ಅದರ ಹಿಂದಿನದರಲ್ಲೂ. ಒಟ್ಟು ನಾಲ್ಕು. ಆಫ್‌ಸೆಟ್ (ಟೂಲ್ ಎಷ್ಟು ಸರಿಯಬೇಕು ಅನ್ನೋ ತಿದ್ದುಪಡಿ) ಕೊಡುವಾಗ ಮೈನಸ್ ಬದಲು ಪ್ಲಸ್ ಒತ್ತಿದ್ದೆ. ಸರಿ ಮಾಡಿದೆ, ಮುಂದಿನ ಪೀಸ್ ಸರಿಯಾಗಿಯೇ ಬಂತು. ಸೂಪರ್‌ವೈಸರ್ ಕೂತಿದ್ದು ನನ್ನಿಂದ ಇಪ್ಪತ್ತು ಹೆಜ್ಜೆ ದೂರದಲ್ಲಿ. ಹೋಗಿ ಹೇಳಬೇಕಿತ್ತು, ಹೇಳಲಿಲ್ಲ. ಆ ನಾಲ್ಕನ್ನೂ ಟ್ರೇಯ ತಳಕ್ಕೆ ಹಾಕಿ, ಮೇಲೆ ಒಳ್ಳೆಯ ಪೀಸ್ ಜೋಡಿಸಿ, ಶಿಫ್ಟ್ ಮುಗಿಸಿ ರೂಮಿಗೆ ಹೋಗಿ ಮಲಗಿದೆ. ನಿದ್ದೆ ಬರಲಿಲ್ಲ, ಅದು ಬೇರೆ ಮಾತು.

ಮಾರನೇ ದಿನ ಇನ್‌ಸ್ಪೆಕ್ಷನ್‌ನಲ್ಲಿ ಒಂದು ಸಿಕ್ಕಿತು. ಒಂದು ಸಿಕ್ಕಿದರೆ ಇಡೀ ಲಾಟ್ ಮೇಲೆ ಅನುಮಾನ. 160 ಪೀಸನ್ನೂ ಒಂದೊಂದಾಗಿ ಮತ್ತೆ ನೋಡಬೇಕಾಯಿತು, ಅತ್ತ ಡಿಸ್ಪ್ಯಾಚ್ ಗಾಡಿ ಗೇಟಲ್ಲಿ ಕಾಯುತ್ತಾ ನಿಂತಿತ್ತು. ಸೂಪರ್‌ವೈಸರ್ ಕೂಗಾಡಲಿಲ್ಲ. "ನಾಲ್ಕು ಪೀಸ್ ಹೋಯ್ತು ಅಂತ ನಿನ್ನೆನೇ ಬಂದು ಹೇಳಿದ್ರೆ ನಾಲ್ಕು ಮಾತು ಬೈತಿದ್ದೆ, ಮುಗೀತಿತ್ತು ಕಣೋ. ಈಗ ನೀನು ಮಾಡಿದ್ದು ಯಾವುದನ್ನೂ ನಾನು ನಂಬೋ ಹಂಗಿಲ್ಲ" ಅಂದರು. ಆಮೇಲೆ ಆರು ತಿಂಗಳು ನನ್ನ ಕೈಗೆ ಸಿಎನ್‌ಸಿ ಕೊಡಲಿಲ್ಲ, ಡೀಬರ್ರಿಂಗ್, ಅಂದರೆ ಪೀಸಿನ ಅಂಚಿನ ಚೂಪು ಉಜ್ಜಿ ತೆಗೆಯೋ ಕೆಲಸ, ಮಾಡಿಕೊಂಡಿದ್ದೆ.

ಇಲ್ಲಿ ಗಮನಿಸಿ. ಗೇಜ್ ಹಿಡಿಯೋದು ನನಗೆ ಗೊತ್ತಿತ್ತು. ತಪ್ಪು ಎಲ್ಲಾಯಿತು ಅಂತ ಹುಡುಕೋದೂ ಗೊತ್ತಿತ್ತು, ಸರಿಯೂ ಮಾಡಿದೆ. ಗೊತ್ತಿಲ್ಲದೇ ಇದ್ದದ್ದು ಆ ಇಪ್ಪತ್ತು ಹೆಜ್ಜೆ ನಡೆಯೋದು. ಎರಡು ವರ್ಷ ಐಟಿಐನಲ್ಲಿ ಅರ ಉಜ್ಜಿ ಉಜ್ಜಿ ಅಂಗೈಯಲ್ಲಿ ಬೊಬ್ಬೆ ಬಂದಿತ್ತು, ಆದರೆ "ಸರ್, ತಪ್ಪಾಯ್ತು" ಅನ್ನೋದನ್ನು ಒಂದು ಸಲವೂ ಅಭ್ಯಾಸ ಮಾಡಿಸಿರಲಿಲ್ಲ. ಜೀವನ ಕೌಶಲ ಅಂದ ತಕ್ಷಣ ಜನಕ್ಕೆ ಟೈ ಕಟ್ಟಿಕೊಂಡು ಇಂಗ್ಲಿಷ್ ಮಾತಾಡೋದು ನೆನಪಾಗುತ್ತೆ, ಅಲ್ವಾ? ನಾನು ಹೇಳ್ತಿರೋದು ಅದಲ್ಲ. ಕೇಳೋದು, ಒಪ್ಪಿಕೊಳ್ಳೋದು, ಬೇಡ ಅನ್ನೋದು, ಕೈಗೆ ಬಂದ ಕಾಗದ ಓದಿ ಅರ್ಥ ಮಾಡಿಕೊಳ್ಳೋದು. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವರ್ಷ ಎಡವೋದು ಬಹುಪಾಲು ಈ ನಾಲ್ಕರಲ್ಲೇ.

ಪುಸ್ತಕದಲ್ಲಿ ಇಲ್ಲ ಅಂತಲ್ಲ

ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಜೀವನ ಕೌಶಲಗಳನ್ನು ಗುರುತಿಸಿತ್ತು. ತೀರ್ಮಾನ ತಗೊಳ್ಳೋದು, ಸಮಸ್ಯೆ ಬಿಡಿಸೋದು, ಹೊಸದಾಗಿ ಯೋಚಿಸೋದು, ಪ್ರಶ್ನಿಸಿ ಯೋಚಿಸೋದು, ಹೇಳಬೇಕಾದ್ದನ್ನು ಸರಿಯಾಗಿ ಹೇಳೋದು, ಜನರ ಜೊತೆ ಹೊಂದಿಕೊಳ್ಳೋದು, ತನ್ನನ್ನು ತಾನು ಅರಿಯೋದು, ಇನ್ನೊಬ್ಬರ ಕಷ್ಟ ಅರ್ಥ ಮಾಡಿಕೊಳ್ಳೋದು, ಸಿಟ್ಟು ದುಃಖ ತಡೆದುಕೊಳ್ಳೋದು, ಒತ್ತಡ ನಿಭಾಯಿಸೋದು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಹೈಸ್ಕೂಲ್ ಮಕ್ಕಳಿಗೆ ಇದನ್ನೇ ಆಟ, ಚರ್ಚೆಯ ಮೂಲಕ ಕಲಿಸುವ ಪಾಠಗಳನ್ನು ಮಾಡಿದೆ.

ಐಟಿಐಯಲ್ಲೂ ಇದಕ್ಕೆ ಜಾಗ ಇದೆ. 'ಎಂಪ್ಲಾಯಬಿಲಿಟಿ ಸ್ಕಿಲ್ಸ್' ಅಂತ ಒಂದು ವಿಷಯ, ಎಲ್ಲರ ಬಾಯಲ್ಲಿ ಇ.ಎಸ್. ಕ್ಲಾಸ್. 2022ರ ಪಠ್ಯಕ್ರಮದಲ್ಲಿ ಮೊದಲ ವರ್ಷ ಟ್ರೇಡ್ ಪ್ರಾಕ್ಟಿಕಲ್‌ಗೆ 840 ಗಂಟೆ, ಥಿಯರಿಗೆ 240 ಗಂಟೆ, ಇ.ಎಸ್.ಗೆ 120 ಗಂಟೆ. ಎರಡನೇ ವರ್ಷ ಇ.ಎಸ್. 60 ಗಂಟೆಗೆ ಇಳಿಯುತ್ತೆ. ಎರಡು ವರ್ಷಕ್ಕೆ 180 ಗಂಟೆ ಅಂದರೆ ಕಡಿಮೆ ಏನಲ್ಲ. ಆದರೆ ಆ ಪೀರಿಯಡ್ ಹೇಗೆ ನಡೆಯುತ್ತೆ ಅಂತ ಐಟಿಐ ಓದಿದವರನ್ನು ಕೇಳಿ ನೋಡಿ. ಇನ್‌ಸ್ಟ್ರಕ್ಟರ್ ಹುದ್ದೆ ಖಾಲಿ ಇದ್ದರೆ ಆ ಹೊತ್ತಿಗೆ ಹುಡುಗರು ಕ್ರಿಕೆಟ್ ಆಡ್ತಾರೆ. ಕ್ಲಾಸ್ ನಡೆದರೂ 'ಟೆಲ್ ಮಿ ಅಬೌಟ್ ಯುವರ್‌ಸೆಲ್ಫ್' ಅನ್ನೋದಕ್ಕೆ ಉತ್ತರ ಬರೆಸಿ ಬಾಯಿಪಾಠ ಮಾಡಿಸ್ತಾರೆ. ನಲವತ್ತು ಹುಡುಗರೂ ಮೈ ಹಾಬಿ ಈಸ್ ಲಿಸನಿಂಗ್ ಟು ಮ್ಯೂಸಿಕ್ ಅಂತಾರೆ. ಪರೀಕ್ಷೆಯಲ್ಲಿ ನಾಲ್ಕು ಉತ್ತರದಲ್ಲಿ ಒಂದಕ್ಕೆ ಟಿಕ್ ಹಾಕಿದರೆ ಪಾಸ್.

ಇಲ್ಲೇ ನನ್ನ ತಕರಾರು ಇರೋದು. ಫೈಲಿಂಗ್, ಅಂದರೆ ಅರ ಉಜ್ಜೋದು, ಹೇಗೆ ಮಾಡಬೇಕು ಅಂತ ಬೋರ್ಡ್ ಮೇಲೆ ಬರೆದು ಯಾರಾದರೂ ಕಲಿಸ್ತಾರಾ? ಕೈಗೆ ಅರ ಕೊಟ್ಟು, ವೈಸ್‌ಗೆ ಪೀಸ್ ಕಟ್ಟಿಸಿ, ಟ್ರೈ-ಸ್ಕ್ವೇರ್ (ಮೂಲೆ ನೇರ ಇದೆಯಾ ಅಂತ ನೋಡೋ ಮಟ್ಟ) ಇಟ್ಟು ಬೆಳಕಿಗೆ ಹಿಡಿದು "ಇಲ್ಲಿ ಬೆಳಕು ಬರ್ತಿದೆ ನೋಡು, ಮತ್ತೆ ಉಜ್ಜು" ಅಂತಾರೆ. ಹತ್ತು ಸಲ ಕೆಟ್ಟ ಮೇಲೆ ಹನ್ನೊಂದನೇ ಸಲಕ್ಕೆ ಬರುತ್ತೆ. ಬಾಯಿ ಬಿಟ್ಟು ಕೇಳೋದೂ ಹಾಗೇನೇ, ಅದೂ ಕೈಕೆಲಸದ ಥರದ್ದೇ ವಿದ್ಯೆ. ಅದನ್ನು ಮಾತ್ರ ನಾವು ಥಿಯರಿ ಮಾಡಿಬಿಟ್ಟಿದ್ದೇವೆ.

ಈ ಮಕ್ಕಳಿಗೇ ಯಾಕೆ ಜಾಸ್ತಿ ಬೇಕು

ಎಸ್ಸೆಸ್ಸೆಲ್ಸಿ ಆದ ಮೇಲೆ ಎರಡು ವರ್ಷ ಐಟಿಐ, ಅಥವಾ ಮೂರು ವರ್ಷ ಡಿಪ್ಲೊಮಾ. ಲೆಕ್ಕ ಹಾಕಿ, ಹದಿನೆಂಟು ಹತ್ತೊಂಬತ್ತಕ್ಕೆ ಕೆಲಸ. ಅದೇ ವಯಸ್ಸಿನ ಡಿಗ್ರಿ ಹುಡುಗ ಇನ್ನೂ ಕಾಲೇಜ್ ಕ್ಯಾಂಟೀನಲ್ಲಿ ಕೂತಿರ್ತಾನೆ, ತಪ್ಪು ಮಾಡಿದರೆ ಅಟೆಂಡೆನ್ಸ್ ಹೋಗುತ್ತೆ ಅಷ್ಟೇ. ಇವನು ತಪ್ಪು ಮಾಡಿದರೆ ಬೆರಳು ಹೋಗಬಹುದು. ಹಾವೇರಿ, ಕೊಪ್ಪಳ, ಚಿತ್ರದುರ್ಗದ ಹಳ್ಳಿಗಳಿಂದ ಸೀದಾ ಬಿಡದಿ, ಬೊಮ್ಮಸಂದ್ರ, ಹೊಸೂರಿಗೆ ಬಂದು ಇಳೀತಾನೆ. ಲೈನಲ್ಲಿ ಅಕ್ಕಪಕ್ಕ ಇರೋರು ಬಿಹಾರ, ಒಡಿಶಾದವರು, ಫೋರ್‌ಮನ್ ತಮಿಳರು. ಮನೆಯಲ್ಲಿ ಅವನೇ ಮೊದಲ ಸಂಬಳದವನು, ಕೇಳೋಣ ಅಂದರೆ ಕಂಪನಿ ಕಾಗದದ ಬಗ್ಗೆ ಅಪ್ಪನಿಗೂ ಗೊತ್ತಿಲ್ಲ, ಅಣ್ಣನಿಗೂ ಗೊತ್ತಿಲ್ಲ. ಇದರ ಮೇಲೆ "ಓದೋಕೆ ಬರದೇ ಇದ್ದೋನು ಐಟಿಐ ಸೇರಿದ" ಅನ್ನೋ ಮಾತು ಬೇರೆ. ಅದನ್ನು ಕೇಳಿ ಕೇಳಿ ತಲೆ ತಗ್ಗಿಸೋದು ಅಭ್ಯಾಸ ಆಗಿರುತ್ತೆ. ತಲೆ ತಗ್ಗಿಸಿದವನು ಪ್ರಶ್ನೆ ಕೇಳೋದು ಕಷ್ಟ.

ಡಿಪ್ಲೊಮಾದವರ ಕಷ್ಟ ಇನ್ನೊಂದು ಥರ. ಅವರನ್ನು ಟ್ರೈನಿ ಅಂತ ತಗೊಂಡು ಸ್ವಲ್ಪ ದಿನಕ್ಕೇ ಒಂದು ಲೈನ್ ನೋಡಿಕೋ ಅಂತಾರೆ. ಇಪ್ಪತ್ತು ವರ್ಷದ ಹುಡುಗ, ಆ ಮೆಷಿನ್ ಮೇಲೇ ಇಪ್ಪತ್ತು ವರ್ಷ ದುಡಿದ ಆಪರೇಟರ್‌ಗೆ ಕೆಲಸ ಹೇಳಬೇಕು. "ಏಯ್, ಇದನ್ನು ಬೇಗ ಮಾಡು" ಅಂದ್ರೋ, ಮುಗೀತು. ಆ ಮನುಷ್ಯ ಒಂದು ಮಾತೂ ಆಡಲ್ಲ, ಆದರೆ ಅವತ್ತು ಪ್ರೊಡಕ್ಷನ್ ಬರಲ್ಲ. "ಅಣ್ಣಾ, ಈ ಸ್ಪಿಂಡಲ್ ಸೌಂಡ್ ಯಾಕೋ ಬೇರೆ ಥರ ಇದೆ, ನಿಮಗೇನನ್ನಿಸುತ್ತೆ?" ಅಂತ ಕೇಳಿದ ಹುಡುಗನಿಗೆ ಅದೇ ಆಪರೇಟರ್ ಬೇರಿಂಗ್ ಹೋಗೋ ಸದ್ದು ಹೇಗಿರುತ್ತೆ ಅಂತ ಕೂರಿಸಿಕೊಂಡು ಹೇಳಿಕೊಡ್ತಾರೆ. ಇದು ಬಣ್ಣದ ಮಾತಲ್ಲ. ನಿಜಕ್ಕೂ ಅವರಿಗೆ ಗೊತ್ತಿದೆ, ಹುಡುಗನಿಗೆ ಗೊತ್ತಿಲ್ಲ.

ಕಾಗದ ಓದೋದು

ಕ್ಯಾಂಪಸ್‌ನಲ್ಲಿ 'ಸಿಟಿಸಿ 20,385' ಅಂತ ಹೇಳಿದ್ರು, ಕೈಗೆ ಬಂದಿದ್ದು 15,165. ಹುಡುಗ ಹೇಳ್ತಾನೆ, "ಸರ್, ಕಂಪನಿಯವರು ಮೋಸ ಮಾಡಿದ್ರು." ಕೆಲವು ಸಲ ಮೋಸವೇ ಇರುತ್ತೆ, ಆದರೆ ಇಲ್ಲಿ ಇಲ್ಲ. ಬನ್ನಿ, ಸ್ಲಿಪ್ ಬಿಚ್ಚಿ ನೋಡೋಣ.

ಬೇಸಿಕ್ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ 15,000, ಇತರೆ ಭತ್ಯೆ 3,000, ಒಟ್ಟು 18,000 ಅಂತಿಟ್ಟುಕೊಳ್ಳಿ. ಬೇಸಿಕ್, ಡಿಎ ಮೇಲೆ ಶೇಕಡಾ 12 ನಿಮ್ಮ ಪಿಎಫ್ (ಭವಿಷ್ಯ ನಿಧಿ), ಅಂದರೆ 1,800. ಒಟ್ಟು ಸಂಬಳ 21,000ದ ಒಳಗೆ ಇರೋದರಿಂದ ಇಎಸ್‌ಐ (ಕಾರ್ಮಿಕರ ವಿಮೆ) ಇದೆ, ನಿಮ್ಮ ಪಾಲು ಶೇಕಡಾ 0.75, ಅಂದರೆ 135. ಕ್ಯಾಂಟೀನ್ 500, ಬಸ್ಸು 400. ಕಳೆದರೆ ಉಳಿಯೋದು 15,165. ಕಂಪನಿ ತನ್ನ ಕಡೆಯಿಂದ ಪಿಎಫ್‌ಗೆ 1,800, ಇಎಸ್‌ಐಗೆ ಶೇಕಡಾ 3.25ರಂತೆ 585 ಕಟ್ಟುತ್ತೆ. ಇದನ್ನು 18,000ಕ್ಕೆ ಸೇರಿಸಿದರೆ 20,385. ಸಿಟಿಸಿ ಅಂದರೆ ನಿಮ್ಮ ಕೈಗೆ ಬರೋ ಸಂಬಳ ಅಲ್ಲ, ನಿಮ್ಮಿಂದ ಕಂಪನಿಗೆ ಬೀಳೋ ಖರ್ಚು. ಇಂಟರ್‌ವ್ಯೂನಲ್ಲಿ "ಸರ್, ಕೈಗೆ ಎಷ್ಟು ಬರುತ್ತೆ?" ಅಂತ ಕೇಳೋಕೆ ಸಂಕೋಚ ಬೇಡ. ಕೇಳಿದ್ದಕ್ಕೆ ಕೆಲಸ ತಪ್ಪಿಸಿಕೊಂಡವರನ್ನು ನಾನಂತೂ ನೋಡಿಲ್ಲ.

ಆ ಕಡಿತದ ದುಡ್ಡು ನೀರಿಗೆ ಹಾಕಿದ್ದಲ್ಲ. ಕಂಪನಿ ಕಟ್ಟೋ ಶೇಕಡಾ 12ರಲ್ಲಿ 8.33 ಪೆನ್ಷನ್ ಲೆಕ್ಕಕ್ಕೆ ಹೋಗುತ್ತೆ, ಉಳಿದದ್ದು ನಿಮ್ಮ ಪಿಎಫ್‌ಗೇ ಬರುತ್ತೆ. ಇಎಸ್‌ಐ ಇದ್ದರೆ ನಿಮಗಷ್ಟೇ ಅಲ್ಲ, ನಿಮ್ಮನ್ನೇ ನಂಬಿಕೊಂಡಿರೋ ಮನೆಯವರಿಗೂ ಚಿಕಿತ್ಸೆ ಸಿಗುತ್ತೆ. ಕೆಲಸದಲ್ಲಿ ಪೆಟ್ಟಾಗಿ ಕೂತರೆ ಸಂಬಳದ ಶೇಕಡಾ 90ರಷ್ಟು ಕೊಡ್ತಾರೆ. ಪೀಣ್ಯ, ರಾಜಾಜಿನಗರದಲ್ಲಿ ಇಎಸ್‌ಐ ಆಸ್ಪತ್ರೆಗಳೇ ಇವೆ, ಆದರೂ ಕಾರ್ಡ್ ಜೇಬಲ್ಲಿ ಇಟ್ಟುಕೊಂಡು ಖಾಸಗಿ ನರ್ಸಿಂಗ್ ಹೋಮ್‌ಗೆ ಸಾಲ ಮಾಡಿ ದುಡ್ಡು ಕಟ್ಟಿದ ಹುಡುಗರು ಎಷ್ಟೋ ಜನ.

ಅಪ್ರೆಂಟಿಸ್ ಆಗಿ ಸೇರಿದರೆ ಮಾತ್ರ ಲೆಕ್ಕ ಬೇರೆ. 1961ರ ಅಪ್ರೆಂಟಿಸ್ ಕಾಯ್ದೆಯಡಿ ಸೇರಿದವರಿಗೆ ಸಿಗೋದು ಸಂಬಳ ಅಲ್ಲ, ಸ್ಟೈಪೆಂಡ್. 2019ರ ತಿದ್ದುಪಡಿಯಲ್ಲಿ ಐಟಿಐ ಸರ್ಟಿಫಿಕೇಟ್ ಇದ್ದವರಿಗೆ ತಿಂಗಳಿಗೆ ಕನಿಷ್ಠ 7,000, ಡಿಪ್ಲೊಮಾದವರಿಗೆ 8,000 ಅಂತ ನಿಗದಿ ಮಾಡಿದರು. ಪಿಎಫ್, ಇಎಸ್‌ಐ ಕಡಿತ ಇಲ್ಲ. ಪೆಟ್ಟಾದರೆ ಪರಿಹಾರದ ಹೊಣೆ ಕಂಪನಿಯದ್ದೇ, ಕಾಯ್ದೆಯಲ್ಲೇ ಹಾಗಿದೆ. ಹಾಗಾಗಿ ಸೇರುವ ದಿನವೇ ಕೇಳಬೇಕಾದ ಪ್ರಶ್ನೆ: ನಾನು ಅಪ್ರೆಂಟಿಸಾ, ಟ್ರೈನಿನಾ, ಕಾಂಟ್ರ್ಯಾಕ್ಟಾ, ಪರ್ಮನೆಂಟಾ? ಕಾಂಟ್ರ್ಯಾಕ್ಟ್ ಆದರೆ ನನ್ನ ಸಂಬಳ ಕೊಡೋರು ಯಾರು, ಆ ಕಾಂಟ್ರ್ಯಾಕ್ಟರ್ ಹೆಸರೇನು? ಎಷ್ಟೋ ಹುಡುಗರಿಗೆ ತಾವು ದುಡಿಯೋ ಕಂಪನಿ ಬೋರ್ಡ್ ಗೊತ್ತು, ತಮ್ಮ ಕಂಪನಿ ಯಾವುದು ಅಂತ ಗೊತ್ತಿಲ್ಲ. ಕಾರ್ಖಾನೆಯಲ್ಲಿ ಓಟಿಗೆ ದುಪ್ಪಟ್ಟು ಕೂಲಿ ಕೊಡಬೇಕು ಅನ್ನೋದೂ ಗೊತ್ತಿರಲ್ಲ. ಇನ್ನೊಂದು, ಒರಿಜಿನಲ್ ಮಾರ್ಕ್ಸ್ ಕಾರ್ಡ್ ಯಾರಿಗೂ ಇಟ್ಟುಕೊಳ್ಳಲು ಕೊಡಬೇಡಿ. ತೋರಿಸಿ, ಝೆರಾಕ್ಸ್ ಕೊಟ್ಟು, ವಾಪಸ್ ತನ್ನಿ.

ಈಗ ಹೆಸರಿನ ಕಥೆ. ಇದನ್ನು ಸ್ವಲ್ಪ ಉದ್ದ ಹೇಳ್ತೀನಿ, ಯಾಕಂದರೆ ನಮ್ಮ ಕಡೆ ಇದರಿಂದ ಆಗೋ ಫಜೀತಿ ಅಷ್ಟಿಷ್ಟಲ್ಲ.

ಒಬ್ಬ ಹುಡುಗ ಅಂತಿಟ್ಟುಕೊಳ್ಳಿ. ಶಾಲೆಯಲ್ಲಿ ಮೇಷ್ಟ್ರು ಬರೆದಿದ್ದು 'ಮಂಜುನಾಥ ಎಸ್'. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲೂ ಅದೇ. ಆಧಾರ್ ಮಾಡಿಸುವಾಗ ಅಲ್ಲಿ ಕೂತಿದ್ದ ಆಪರೇಟರ್ 'ಮಂಜುನಾಥ ಶಿವಪ್ಪ ಹೊಸಮನಿ' ಅಂತ ಪೂರ್ತಿ ಹೊಡೆದ. ಪ್ಯಾನ್ ಕಾರ್ಡ್‌ನಲ್ಲಿ ಇನಿಷಿಯಲ್ ಹಿಂದಿನದು ಮುಂದೆ ಬಂತು. ಬ್ಯಾಂಕಿನಲ್ಲಿ 'ಮಂಜುನಾಥ್', ಕೊನೆಗೆ ಅರ್ಧಾಕ್ಷರ, ಇಂಗ್ಲಿಷಲ್ಲಿ ಒಂದು 'ಎ' ಕಡಿಮೆ. ಹುಟ್ಟಿದ ತಾರೀಖು ಜೂನ್ 1, ಅದು ಮೇಷ್ಟ್ರು ಶಾಲೆಗೆ ಸೇರಿಸಿಕೊಳ್ಳೋಕೆ ಹಾಕಿದ್ದು. ಊರಲ್ಲಿ ಇರೋವಷ್ಟು ದಿನ ಇದರಿಂದ ಏನೂ ತೊಂದರೆ ಇಲ್ಲ, ಎಲ್ಲರಿಗೂ ಅವನು ಮಂಜ. ಕೆಲಸಕ್ಕೆ ಸೇರಿದ ಮೇಲೆ ಪಿಎಫ್‌ಗೆ ಆಧಾರ್, ಪ್ಯಾನ್, ಬ್ಯಾಂಕ್ ಮೂರನ್ನೂ ಜೋಡಿಸಬೇಕು. ಕಂಪ್ಯೂಟರ್‌ಗೆ ಮಂಜ ಗೊತ್ತಿಲ್ಲ. ಹೊಂದಿಕೆ ಆಗಲ್ಲ. ಎರಡು ವರ್ಷ ದುಡಿದು ಬಿಟ್ಟ ಮೇಲೆ ತಂಗಿ ಮದುವೆಗೆ ಪಿಎಫ್ ತೆಗೆಯೋಣ ಅಂದರೆ ಕ್ಲೇಮ್ ರಿಜೆಕ್ಟ್. ಹಳೆ ಕಂಪನಿಯವರು ಸಹಿ ಹಾಕಬೇಕು, ಅಲ್ಲಿದ್ದ ಎಚ್‌ಆರ್ ಮೇಡಂ ಕೆಲಸ ಬಿಟ್ಟು ಹೋಗಿದ್ದಾರೆ.

ಇದಕ್ಕೆ ಔಷಧಿ ಕೆಲಸಕ್ಕೆ ಸೇರೋ ಮುಂಚೆಯೇ ಇದೆ. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡ್‌ನಲ್ಲಿ ಏನಿದೆಯೋ ಅದನ್ನೇ ಅಕ್ಷರಕ್ಕೆ ಅಕ್ಷರ ಮೂಲ ಅಂತ ಇಟ್ಟುಕೊಂಡು ಆಧಾರ್ ತಿದ್ದಿಸಿ, ಆಮೇಲೆ ಪ್ಯಾನ್, ಆಮೇಲೆ ಬ್ಯಾಂಕ್. ಐಟಿಐ ಕೊನೇ ಆರು ತಿಂಗಳಲ್ಲಿ ಒಂದು ಶನಿವಾರ ಸಾಕು, ನಲವತ್ತು ಹುಡುಗರ ನಾಲ್ಕು ಕಾಗದ ಮೇಜಿನ ಮೇಲೆ ಹರಡಿಸಿ ಹೋಲಿಸಿ ನೋಡಿ. ನಾನು ಒಂದು ಸಲ ಮಾಡಿದಾಗ ನಾಲ್ಕರಲ್ಲೂ ಒಂದೇ ಹೆಸರು ಇದ್ದದ್ದು ಬರೀ ಆರು ಜನಕ್ಕೆ.

ಪಿಎಫ್‌ನ ಯುಎಎನ್ 12 ಅಂಕೆಯ ನಂಬರ್, ಜೀವನಪೂರ್ತಿ ಒಂದೇ. ಕಂಪನಿ ಬದಲಾಯಿಸಿದಾಗ ಹೊಸದು ಮಾಡಿಸಬೇಡಿ, ಹಳೆಯದನ್ನೇ ಕೊಡಿ. ಕೆಲಸ ಬಿಡೋದಕ್ಕೂ ಒಂದು ರೀತಿ ಇದೆ. ನಮ್ಮ ಹುಡುಗರು ಹೇಗೆ ಬಿಡ್ತಾರೆ? ಸಂಬಳ ಬಿದ್ದ ಮಾರನೇ ದಿನ ಊರ ಜಾತ್ರೆಗೆ ಹೋಗ್ತಾರೆ, ಫೋನ್ ಸ್ವಿಚ್ ಆಫ್. ಆಮೇಲೆ ರಿಲೀವಿಂಗ್ ಲೆಟರ್ ಇಲ್ಲ, ಅನುಭವದ ಪತ್ರ ಇಲ್ಲ, ಪಿಎಫ್‌ನಲ್ಲಿ ಬಿಟ್ಟ ತಾರೀಖೂ ಬಿದ್ದಿರಲ್ಲ. (ಆ ತಾರೀಖನ್ನು ಕೊನೆಯ ಕಂತು ಕಟ್ಟಿ ಎರಡು ತಿಂಗಳಾದ ಮೇಲೆ ಪಿಎಫ್ ವೆಬ್‌ಸೈಟಿನಲ್ಲಿ ನಾವೇ ಹಾಕಿಕೊಳ್ಳಬಹುದು. ಎಷ್ಟೋ ಜನಕ್ಕೆ ಇದು ಗೊತ್ತಿಲ್ಲ.) "ಸರ್, ಇಂಥ ತಾರೀಖಿನಿಂದ ಬರೋಕಾಗಲ್ಲ" ಅಂತ ಎರಡು ಸಾಲು ಬರೆದು ಕೊಟ್ಟಿದ್ದರೆ ಮುಗೀತಿತ್ತು. ಬೈತಾರೆ ಅಂತ ಭಯ. ಮತ್ತೆ ಅದೇ ಇಪ್ಪತ್ತು ಹೆಜ್ಜೆ ನೋಡಿ.

ಕರಾವಳಿ ಕಡೆಯಿಂದ ಗಲ್ಫ್‌ಗೆ ಹೋಗೋ ವೆಲ್ಡರ್, ಎಲೆಕ್ಟ್ರಿಷಿಯನ್‌ಗಳಿಗೆ ಒಂದು ಮಾತು. ಹತ್ತನೇ ತರಗತಿ ಪಾಸಾದವರ ಪಾಸ್‌ಪೋರ್ಟ್‌ಗೆ ಸರ್ಕಾರದ ವಲಸೆ ಅನುಮತಿ ಬೇಕಾಗಲ್ಲ. ಓಡಾಟ ತಪ್ಪುತ್ತೆ, ನಿಜ. ಆದರೆ ನಿಮ್ಮ ಕಾಗದ ಸರಿ ಇದೆಯಾ ಅಂತ ಅಲ್ಲಿ ನೋಡೋರೂ ಇರಲ್ಲ, ನೀವೇ ನೋಡಿಕೊಳ್ಳಬೇಕು. ಏಜೆಂಟ್ ನೋಂದಾಯಿತನಾ ಅಂತ ಸರ್ಕಾರದ ಇ-ಮೈಗ್ರೇಟ್ ವೆಬ್‌ಸೈಟಿನಲ್ಲಿ ಹುಡುಕಿ. ನೋಂದಾಯಿತ ಏಜೆಂಟ್ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿಗಿಂತ ಜಾಸ್ತಿ ಸೇವಾ ಶುಲ್ಕ ತಗೊಳ್ಳೋ ಹಾಗಿಲ್ಲ. ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿ ಬದಲಾಯಿಸಿಕೊಡ್ತೀವಿ ಅಂದರೆ ಎದ್ದು ಬನ್ನಿ.

ಬೇಡ ಅನ್ನೋದು

ಮೊದಲ ಸಂಬಳ ಬಂದ ತಿಂಗಳು ಎಲ್ಲರಿಗೂ ನೆನಪಾಗ್ತೀವಿ. ಬೈಕ್ ಶೋರೂಮಿನವರಿಗೆ, ಸಾಲದ ಆಪ್‌ನವರಿಗೆ, ರೂಮ್‌ಮೇಟ್‌ಗೆ, ದೊಡ್ಡಪ್ಪನ ಮಗನಿಗೆ. ಹದಿನೈದು ಸಾವಿರ ಸಂಬಳಕ್ಕೆ ನಾಲ್ಕೂವರೆ ಸಾವಿರ ಬೈಕ್ ಕಂತು ಕಟ್ಟೋರು ಇದ್ದಾರೆ, ಆಮೇಲೆ ಪೆಟ್ರೋಲ್‌ಗೆ ದುಡ್ಡಿಲ್ಲದೆ ಕಂಪನಿ ಬಸ್ಸಲ್ಲೇ ಹೋಗ್ತಾರೆ. ಗೆಳೆಯನ ಸಾಲಕ್ಕೆ ಜಾಮೀನು ಸಹಿ ಹಾಕಿದರೆ ಆ ಸಾಲ ನಿಮ್ಮದೂ ಆಗುತ್ತೆ, ಕಂತು ತಪ್ಪಿದರೆ ನಿಮ್ಮ ಸಿಬಿಲ್‌ಗೂ (ಸಾಲ ಸರಿಯಾಗಿ ತೀರಿಸ್ತೀರಾ ಅನ್ನೋದರ ದಾಖಲೆ) ಏಟು. ಆನ್‌ಲೈನಲ್ಲಿ ದುಡ್ಡು ಹೋದರೆ ನಾಚಿಕೊಂಡು ಕೂರದೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ, ಇಲ್ಲಿ ಒಂದೊಂದು ಗಂಟೆಗೂ ಬೆಲೆ ಇದೆ.

ಮನೆಗೆ ಬೇಡ ಅನ್ನೋದು ಇದೆಲ್ಲಕ್ಕಿಂತ ಕಷ್ಟ. ಅವ್ವ ಫೋನ್ ಮಾಡಿ "ಎಷ್ಟು ಕಳಿಸ್ತಿಯಪ್ಪಾ?" ಅಂದರೆ ಬಾಯಿಗೆ ಬಂದದ್ದು ಹೇಳಿಬಿಡ್ತೀವಿ, ಆಮೇಲೆ ಇಪ್ಪತ್ತನೇ ತಾರೀಖಿನಿಂದ ಬರೀ ಚಿತ್ರಾನ್ನ. ನಾನು ಹುಡುಗರಿಗೆ ಹೇಳೋದು ಇಷ್ಟೇ, ಮೊದಲ ಸ್ಲಿಪ್‌ನ ಫೋಟೋ ಮನೆಗೆ ಕಳಿಸಿ. ರೂಮ್ ಬಾಡಿಗೆ, ಊಟ, ಬಸ್ಸು ಬರೆದು ಕಳಿಸಿ. ಅಪ್ಪ ಅವ್ವ ಬಡವರಿರಬಹುದು, ಲೆಕ್ಕ ಬರದವರಲ್ಲ.

ಕೆಲಸದ ಜಾಗದಲ್ಲಿ ಬೇಡ ಅನ್ನೋದು ಜೀವದ ಪ್ರಶ್ನೆ. ಪ್ರೆಸ್‌ನ ಗಾರ್ಡ್ ತೆಗೆದು ಓಡಿಸು, ಸೆನ್ಸರ್ ಬೈಪಾಸ್ ಮಾಡು, ಲೈನ್ ಆಫ್ ಮಾಡದೇನೇ ಟರ್ಮಿನಲ್ ಟೈಟ್ ಮಾಡು, ಐದೇ ನಿಮಿಷದ ಕೆಲಸ. ಟಾರ್ಗೆಟ್ ಒತ್ತಡ ಇದ್ದಾಗ ಇಂಥ ಮಾತು ಬರುತ್ತೆ. ಎಲೆಕ್ಟ್ರಿಷಿಯನ್ ಟ್ರೇಡ್‌ನಲ್ಲಿ ಸುರಕ್ಷತೆಯ ಪಾಠ ಇದೆ, ಪ್ಯಾನೆಲ್ ಆಫ್ ಮಾಡಿ ನಿನ್ನದೇ ಬೀಗ ಹಾಕು, ಬೀಗದ ಕೈ ನಿನ್ನ ಜೇಬಲ್ಲಿರಲಿ, ಬೋರ್ಡ್ ತೂಗುಹಾಕು ಅಂತ. ಪಾಠದಲ್ಲಿ ಇಲ್ಲದ್ದು, ಮೇಲಿನವರು ಅವಸರ ಮಾಡಿದಾಗ ಬಾಯಲ್ಲಿ ಏನು ಹೇಳಬೇಕು ಅನ್ನೋದು. "ಆಗಲ್ಲ ಸರ್" ಅಂದರೆ ಜಗಳ. ಸುಮ್ನೆ ಇದ್ದರೆ ಅಪಾಯ. ನಡುವೆ ಒಂದು ದಾರಿ ಇದೆ: "ಮಾಡ್ತೀನಿ ಸರ್, ಎರಡು ನಿಮಿಷ ಲೈನ್ ಆಫ್ ಮಾಡಿಸಿ ಕೊಡಿ." ಕೆಲಸ ಮಾಡಲ್ಲ ಅಂದಂತಾಗಲಿಲ್ಲ, ಕೈಯೂ ಉಳಿಯಿತು. ಈ ಒಂದು ವಾಕ್ಯ ಬಾಯಿಗೆ ಸರಾಗವಾಗಿ ಬರೋ ತನಕ ಜೋರಾಗಿ ಹೇಳಿಸಬೇಕು, ಓದಿಸಿದರೆ ಸಾಲದು.

ನರಸಾಪುರ, ದೇವನಹಳ್ಳಿ ಕಡೆಯ ಎಲೆಕ್ಟ್ರಾನಿಕ್ಸ್ ಫ್ಯಾಕ್ಟರಿಗಳಿಗೆ ಈಗ ನಮ್ಮ ಹೆಣ್ಣುಮಕ್ಕಳು ಬಹಳ ಜನ ಹೋಗ್ತಿದ್ದಾರೆ. ಅವರಿಗೆ ಹೇಳಲೇಬೇಕಾದ್ದು: ಹತ್ತು ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡೋ ಜಾಗದಲ್ಲಿ 2013ರ ಕಾಯ್ದೆ ಪ್ರಕಾರ ಲೈಂಗಿಕ ಕಿರುಕುಳದ ದೂರು ಕೇಳೋಕೆ ಆಂತರಿಕ ಸಮಿತಿ ಇರಲೇಬೇಕು, ಘಟನೆ ಆದ ಮೂರು ತಿಂಗಳ ಒಳಗೆ ಬರೆದು ಕೊಡಬೇಕು. ಕಾಂಟ್ರ್ಯಾಕ್ಟ್‌ನವರಿಗೂ, ಟ್ರೈನಿಗಳಿಗೂ ಇದು ಅನ್ವಯಿಸುತ್ತೆ. ಸಮಿತಿಯವರ ಹೆಸರು ಯಾವ ಗೋಡೆ ಮೇಲೆ ಹಾಕಿದ್ದಾರೆ ಅಂತ ಮೊದಲ ವಾರವೇ ನೋಡಿಟ್ಟುಕೊಳ್ಳಿ.

ನೈಟ್ ಶಿಫ್ಟ್, ಒಂಟಿ ರೂಮು, ಮಾತಾಡೋಕೆ ಜನ ಇಲ್ಲದಿರೋದು, ಇದರ ಬಗ್ಗೆ ಹುಡುಗರು ಬಾಯೇ ಬಿಡಲ್ಲ. 14416 ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್ ನಂಬರ್, 2022ರಿಂದ ಇದೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ಜಿಲ್ಲೆಗಳಲ್ಲಿ ಯುವ ಸ್ಪಂದನ ಕೇಂದ್ರಗಳೂ ಇವೆ, ನಿಮ್ಹಾನ್ಸ್ ಜೊತೆ ಸೇರಿ ನಡೆಸೋದು. ಇದನ್ನು ಮೊಬೈಲಲ್ಲಿ ಸೇವ್ ಮಾಡಿಸೋದಕ್ಕೆ ಅರ್ಧ ನಿಮಿಷ ಸಾಕು.

ಜಾಬ್ ಮಾಡಿಸಿ ಕಲಿಸೋದು

ಕೇಂದ್ರ ಸರ್ಕಾರ 2025ರಲ್ಲಿ ಸಾವಿರ ಸರ್ಕಾರಿ ಐಟಿಐಗಳನ್ನು ಮೇಲೆತ್ತೋಕೆ ಅಂತ 60,000 ಕೋಟಿಯ ಯೋಜನೆಗೆ ಒಪ್ಪಿಗೆ ಕೊಟ್ಟಿದೆ. ನಮ್ಮ ರಾಜ್ಯದಲ್ಲೂ ನೂರೈವತ್ತು ಐಟಿಐಗಳಿಗೆ ರೋಬೋಟ್, ಸಿಎನ್‌ಸಿ ಎಲ್ಲ ಬಂದಿವೆ. ಬರಲಿ, ಬೇಕು. ನಾನು ಹೇಳೋದಕ್ಕೆ ಮಾತ್ರ ಹೊಸ ದುಡ್ಡು ಬೇಡ. ಇರೋ 180 ಗಂಟೆ ಸಾಕು, ಪ್ರಾಕ್ಟಿಕಲ್ ಥರ ನಡೆಸಿದರೆ.

ಕೆಲವು ವರ್ಷದ ಹಿಂದೆ ಒಂದು ಐಟಿಐನಲ್ಲಿ ಅತಿಥಿಯಾಗಿ ಪಾಠ ಮಾಡೋಕೆ ಹೋಗ್ತಿದ್ದೆ. ಇ.ಎಸ್. ಕ್ಲಾಸನ್ನು ವರ್ಕ್‌ಶಾಪ್‌ನಲ್ಲೇ ಮಾಡೋಣ ಅಂದೆ. ವಾರಕ್ಕೊಂದು 'ಜಾಬ್', ಫಿಟ್ಟಿಂಗ್ ಜಾಬ್ ಇದ್ದ ಹಾಗೆಯೇ, ನಂಬರ್ ಹಾಕಿ. ಸಂಬಳದ ಸ್ಲಿಪ್ ಬಿಡಿಸೋದು ಒಂದು ಜಾಬ್. ಬ್ಯಾಂಕ್‌ಗೆ ಹೋಗಿ ಹೆಸರು ತಿದ್ದುವ ಅರ್ಜಿ ತಾನೇ ಬರೆದು ಕೊಟ್ಟು ಬರೋದು ಒಂದು ಜಾಬ್. ರಜೆ ಕೇಳಿ ಎರಡು ಸಾಲಿನ ಮೆಸೇಜ್ ಹಾಕೋದು ಇನ್ನೊಂದು. ಇದು ಸುಲಭ ಅನ್ನಿಸುತ್ತೆ, ಆದರೆ ಮೊದಲ ಸಲ ಬಂದ ಮೆಸೇಜ್‌ಗಳಲ್ಲಿ ಅರ್ಧಕ್ಕರ್ಧ ಬರೀ 'ಸರ್ ಬರಲ್ಲ' ಅಂತಿದ್ದವು. ಯಾಕೆ, ಯಾವಾಗ, ಎಷ್ಟು ದಿನ, ಒಂದೂ ಇಲ್ಲ.

ಐದನೇ ಜಾಬ್ ನನ್ನ ನೋ-ಗೋ ಕಥೆ. ಇಬ್ಬಿಬ್ಬರ ಜೋಡಿ. ಒಬ್ಬ ಸೂಪರ್‌ವೈಸರ್, ಒಬ್ಬ ಆಪರೇಟರ್. ಆಪರೇಟರ್ ಇಪ್ಪತ್ತು ಹೆಜ್ಜೆ ನಡೆದು ಬಂದು ಪೀಸ್ ಕೆಟ್ಟಿದೆ ಅಂತ ಹೇಳಬೇಕು. ಸೂಪರ್‌ವೈಸರ್ ಪಾತ್ರ ಎಲ್ಲರೂ ಭರ್ಜರಿಯಾಗಿ ಮಾಡಿದರು. ಬೈಯೋದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಮನೆಯಲ್ಲಿ, ಶಾಲೆಯಲ್ಲಿ, ಬಸ್ಸಲ್ಲಿ ಕೇಳಿ ಕೇಳಿ ಬಾಯಿಗೆ ಬಂದುಬಿಟ್ಟಿತ್ತು. ಆಪರೇಟರ್ ಪಾತ್ರ ಮಾತ್ರ ಒಬ್ಬರಿಗೂ ಬರಲಿಲ್ಲ. ಕೆಲವರು ನಗ್ತಾರೆ, ಕೆಲವರು ನೆಲ ನೋಡ್ತಾರೆ, ಒಬ್ಬ "ಮೆಷಿನ್ನೇ ಸರಿ ಇಲ್ಲ ಸರ್" ಅಂದ. ಮುಂದಿನ ವಾರವೂ ಅದೇ ಜಾಬ್ ಮಾಡಿಸಿದೆ. ಅದರ ಮುಂದಿನ ವಾರವೂ. ರೀವರ್ಕ್ ಅಂತ ಹುಡುಗರು ಗೊಣಗಿಕೊಂಡರು.

ನಾಲ್ಕನೇ ವಾರ ಟರ್ನರ್ ಟ್ರೇಡ್‌ನ ಒಬ್ಬ ಹುಡುಗ, ಅಲ್ಲಿವರೆಗೆ ಕ್ಲಾಸಲ್ಲಿ ಬಾಯೇ ತೆಗೆದಿರಲಿಲ್ಲ, ಕೈಯಲ್ಲಿ ಮೂರು ಪೀಸ್ ಹಿಡಿದುಕೊಂಡು ಬಂದ. "ಸರ್, ಮೂರು ಪೀಸ್ ಓವರ್‌ಸೈಜ್ ಆಗಿದೆ. ಆಫ್‌ಸೆಟ್ ತಪ್ಪು ಹಾಕಿದ್ದೆ. ಈಗ ಸರಿ ಮಾಡಿದ್ದೀನಿ, ಇವನ್ನ ಬೇರೆ ಇಟ್ಟು ಕೆಂಪು ಟ್ಯಾಗ್ ಹಾಕಿದ್ದೀನಿ. ಒಂದ್ಸಲ ನೋಡ್ತೀರಾ?" ಅಂದ. ಎದುರಿಗೆ ಸೂಪರ್‌ವೈಸರ್ ಆಗಿ ಕೂತಿದ್ದ ಹುಡುಗ ಬೈಯೋಕೆ ಅಂತ ತೆಗೆದ ಬಾಯಿ ಹಾಗೇ ತೆಗೆದುಕೊಂಡು, ಮುಂದೆ ಏನು ಹೇಳಬೇಕು ಅಂತ ತಿಳಿಯದೆ ನನ್ನ ಕಡೆ ನೋಡಿದ.